ಒಯ್ದಿಲ್ಲ

ಸ್ಕ್ವಾಡ್ರನ್ನಿನ ಚರಿತ್ರೆ ಬರೆಯುತ್ತೇನೆಂದು ಬಂದಾತ
ನಮ್ಮ ಅಡುಗೆಮನೆಯಲ್ಲಿ ಕೂತ, ಟೋಪಿ ಮೊಣಕಾಲ ಮೇಲೆ.
ಆತನ ಬಳಿ ಎಲ್ಲವೂ ಇತ್ತು: ಕಟ್ಟಿದ ವರ್ಷ, ವಿಸರ್ಜಿಸಿದ ವರ್ಷ,
ಮತ್ತೆ ಕಟ್ಟಿದ್ದು, ಮೊದಲಿನ ಬಟ್ಟೆ ಹೊದಿಸಿದ ಜೋಡಿರೆಕ್ಕೆಯವು,
ಆಮೇಲಿನ ನಾಲ್ಕು ಎಂಜಿನ್ನಿನ ಕರಿಹೊಟ್ಟೆಯವು,
ಲಾಂಛನದಲ್ಲಿ ಒಂಟಿಕಾಲಿನ ಕೊಕ್ಕರೆ,
ಅದರಡಿ ಯಾರೂ ಓದದ ಲ್ಯಾಟಿನ್ ಮಾತು.

ನಾನು ಚಹಾ ಕೊಟ್ಟೆ.
ಅಮ್ಮನ ಪುಸ್ತಕ ತೋರಲೋ ಬೇಡವೋ ಎಂದು
ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಎರಡು ಸಲ ತೆಗೆದು ಮುಚ್ಚಿದೆ.

ಅಮ್ಮ, ವಿನಿಫ್ರೆಡ್ ಸ್ಕ್ರಿಮ್‌ಶಾ, ಓದಿದ್ದು ಕಡಿಮೆ, ಒಗೆದದ್ದು ಬಹಳ.
ಸೋಮವಾರ ತಾಮ್ರದ ಹಂಡೆ. ಮಂಗಳವಾರ ನೀಲಿ, ಗಂಜಿ.
ಬುಧವಾರ ಇಸ್ತ್ರಿ. ಗುರುವಾರ
ನನ್ನ ಕೂಸಿನ ಗಾಡಿಯಲ್ಲಿ ಅಂಗಿಗಳನ್ನು ಮಲಗಿಸಿ
ನನ್ನನ್ನು ನಡೆಸಿಕೊಂಡು
ಸಕ್ಕರೆಗೆಡ್ಡೆಯ ಹೊಲದಾಚೆ, ತಂತಿಬೇಲಿಯ ಗೇಟಿಗೆ.
ಮೇಲೆ ಅವರು ಒಂದು ಹಿಂಡು.
ಕೆಳಗೆ ಅಮ್ಮ ಹಿಂಡಿ ಹರವಿದ ತೋಳುಗಳು
ಲಿಂಕನ್‌ಶೈರಿನ ಗಾಳಿಗೆ ತುಂಬಿಕೊಂಡು
ಯಾರನ್ನೋ ಕರೆಯುತ್ತಿದ್ದವು, ಬೇಡ, ಅದು ಈಗ ನನಗನ್ನಿಸುವುದು;
ಆಗ ನನಗೆ ನಾಲ್ಕು ವರ್ಷ, ಅವು ಬರೀ ಅಂಗಿ.

ಕಾಲರಿನೊಳಗೆ ಕೆಂಪು ದಾರದ ಗುರುತು:
ಪೆಟಿಫರನಿಗೆ ಒಂದು ಗೀಟು, ತ್ರೆವೆನಾಗೆ ಗುಣಿಸುವ ಚಿಹ್ನೆ,
ಕ್ವಿಬೆಕ್‌ನಿಂದ ಬಂದ, ಬಾಲದ ಬಂದೂಕಿನ ಲಾಶಾನ್ಸ್‌ಗೆ
ಮೀನಿನಂಥದ್ದೊಂದು. ಯಾಕೆ ಮೀನೋ ಕೇಳಲಿಲ್ಲ.

ಸರ್ಕಾರಿ ದಿನಚರಿ ಹೇಳುತ್ತದೆ:
ಹೊರಟವು ಹದಿನಾಲ್ಕು, ಇಳಿದವು ಹನ್ನೊಂದು, ಮೋಡ ಕೆಳಗಿತ್ತು.
ಅಮ್ಮನ ಲೆಕ್ಕದಲ್ಲಿ ಅದೇ ರಾತ್ರಿ ಹತ್ತೊಂಬತ್ತು ಅಂಗಿ.
ಇಪ್ಪತ್ತೊಂದಾಗಬೇಕಿತ್ತು,
ಇಬ್ಬರು ತಮ್ಮದನ್ನು ತಾವೇ ಒಗೆದುಕೊಳ್ಳುತ್ತಿದ್ದರು.
ಸತ್ತರೆಂದು ಆಕೆ ಎಲ್ಲೂ ಬರೆದಿಲ್ಲ.
ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ: ಒಯ್ದಿಲ್ಲ.

ಕಾರ್ಪೊರಲ್ ಒಬ್ಬ ಗೋಣಿಚೀಲ ತಂದ,
ತೀರಿಕೊಂಡವರ ಸಾಮಾನು ಮನೆಗಳಿಗೆ ಕಳಿಸಬೇಕೆಂದ.
ಅಮ್ಮ ಹದಿನೆಂಟು ಎಣಿಸಿ ಕೊಟ್ಟಳು.
ಮೀನಿನದ್ದು ಇನ್ನೂ ಒದ್ದೆ ಎಂದಳು.
ಅದು ಎರಡು ದಿನದ ಹಿಂದೆಯೇ ಒಣಗಿತ್ತು.

ಯುದ್ಧ ಮುಗಿದ ಬೇಸಿಗೆ, ಬಾಗಿಲಲ್ಲಿ ಒಬ್ಬ.
ಜರ್ಮನಿಯ ಸೆರೆಶಿಬಿರದಿಂದ; ಕಿವಿಗಳು ಮಾತ್ರ ಹಳೆಯವು.
ಗೋಡೆಗೆ ತಿರುಗಿ ಅಂಗಿ ತೊಟ್ಟ.
ಗುಂಡಿ ಹಾಕಿದ ಮೇಲೂ ಕಾಲರಿಗೂ ಕತ್ತಿಗೂ ನಡುವೆ
ಅಮ್ಮನ ಎರಡು ಬೆರಳು ಹೋದವು.
ಆಕೆ ಅಳಲಿಲ್ಲ. ಹೊಲಿದು ಕೊಡಲೇ ಎಂದಳು.
ಬೇಡ, ಎಂದ, ನಾನು ತುಂಬಿಕೊಳ್ಳುತ್ತೇನೆ.
ಒಗೆದದ್ದಕ್ಕೆ ಮೂರು ಪೆನ್ನಿ, ಎಂದಳು.
ಆರು ಪೆನ್ನಿಯ ನಾಣ್ಯ ಮೇಜಿನ ಮೇಲಿಟ್ಟು ನಡೆದ.
ಚಿಲ್ಲರೆ ಹುಡುಕಿ, ಏಪ್ರನ್ನಿನಲ್ಲೇ ಚರ್ಚಿನ ತಿರುವಿನವರೆಗೆ ಓಡಿದಳು.
ಬಸ್ಸು ಹೋಗಿತ್ತು.

ಪುಸ್ತಕದ ಕೊನೆಯ ಸಾಲು ಅದೇ:
ಲಾಶಾನ್ಸ್‌ಗೆ ನಾವು ಕೊಡಬೇಕಾದದ್ದು, ಮೂರು ಪೆನ್ನಿ.

ಚರಿತ್ರೆಯವನು ಕೇಳಿದ: ನಿಮ್ಮ ತಾಯಿಯ ಬಳಿ ಏನಾದರೂ ಇತ್ತೇ,
ಫೋಟೊ, ಪದಕ, ಪತ್ರ?
ಪದಕವಿಲ್ಲ, ಎಂದೆ. ಇನ್ನೊಂದು ಬಿಸ್ಕತ್ತು ತೆಗೆದುಕೊಳ್ಳಿ.
ಡಬ್ಬಿಗೆ ಕೈ ಹಾಕಿದವನ ಬೆರಳಿಗೆ
ಕಾಗದದಡಿ ಹನ್ನೆರಡು ಮೂಲೆಯ ಹಿತ್ತಾಳೆ ತಾಗಿತು.
ತೆಗೆದು ನೋಡಿ, ಇದು ಈಗ ನಡೆಯುವುದಿಲ್ಲ, ಎಂದ,
ಒಳ್ಳೆಯ ಮನುಷ್ಯ,
ತೆಗೆದಲ್ಲೇ ಇಟ್ಟ.