ಖಾಲಿ ಬರುವಾಗ

ನೋಟೀಸು ಮಲಯಾಳದಲ್ಲಿತ್ತು.
ಕಾರ್ತ್ಯಾಯಿನಿ ಟೀಚರು ಕನ್ನಡಕ ಏರಿಸಿ ಓದಿ ಹೇಳಿದರು:
ಶಿರಿಯ ಸೇತುವೆಯ ಈಚೆ, ಬೆಳಗಿನ ಜಾವ ಮೂರೂ ಹನ್ನೆರಡು,
ವೇಗ ನೂರ ಹದಿನೆಂಟು.
ಜೊತೆಗೊಂದು ಫೋಟೊ. ಬಿಳಿ ಗಾಡಿ,
ಗಾಜಿನ ಹಿಂದೆ ಮಸುಕು ಮಸುಕಾಗಿ ನಾನು.
‘ನಗುವ ಹಾಗೆ ಕಾಣ್ತದಲ್ಲ ಐತಪ್ಪಣ್ಣ?’

ಆಂಬುಲೆನ್ಸಿಗೆ ಮಾಫಿ ಉಂಟಂತೆ.
ರೋಗಿಯ ಹೆಸರು ಬರೆದು ಕಳಿಸಿದರೆ ಸಾಕಂತೆ.

ಹೆಸರಿಗೆಂತ ಬರಗಾಲ!
ಎದೆ ಹಿಡಿದುಕೊಂಡು ಹತ್ತಿದ ಮೊಗ್ರಾಲಿನ ಬೀಪಾತುಮ್ಮ,
ಏಳು ತಿಂಗಳಿಗೇ ನೋವು ಬಂದ ಬಾಯಾರಿನ ಹುಡುಗಿ,
ತೆಂಗಿನಿಂದ ಬಿದ್ದು, ದಾರಿಯುದ್ದಕ್ಕೂ
ಬೀಡಿ ಬೀಡಿ ಎಂದು ಕೇಳಿದ ದೂಮಪ್ಪ.
ಮಂಗಳೂರಿಗೆ ಅವರನ್ನು ಹೊತ್ತು ಓಡುವಾಗ
ಒಂದೊಂದು ಹೊಂಡಕ್ಕೂ ಅವರ ಬೆನ್ನು ನನ್ನ ಬೆನ್ನಲ್ಲಿ ನೋಯುತ್ತದೆ.
‘ಮುಟ್ಟಿತಾ ಮೋನೇ’ ಎಂದು ಕೇಳುತ್ತಲೇ ಇದ್ದರು ಬೀಪಾತುಮ್ಮ,
ಮುಟ್ಟಿತು, ಇದೋ ಮುಟ್ಟಿತು, ಎನ್ನುತ್ತಲೇ ಇದ್ದೆ,
ಉಳ್ಳಾಲದ ಹತ್ತಿರ ಅವರು ಕೇಳುವುದು ನಿಲ್ಲಿಸುವವರೆಗೆ.

ಹೋಗುವಾಗ ಇರುವುದು ಬೇಗ.
ವೇಗ ಎಂಬುದು ಬರುವಾಗಿನ ಸಂಗತಿ.

ಆ ರಾತ್ರಿ ಹಿಂದಿನ ಮಂಚ ಖಾಲಿ.
ತಲಪಾಡಿ ದಾಟಿದೆ, ಸೈರನ್ ಬಂದ್.
ಮನೆಯಲ್ಲಿ ಯಾರೂ ಎದ್ದು ಕಾಯುತ್ತಿರಲಿಲ್ಲ.
ತೊಕ್ಕೊಟ್ಟಿನಲ್ಲಿ ಚಾ ಆಗಿತ್ತು, ಎರಡು ಬನ್ಸೂ ಆಗಿತ್ತು.
ಉಪ್ಪಳ ಕಳೆದ ಮೇಲೆ ಹೊಸ ರಸ್ತೆ,
ಇನ್ನೂ ಬಿಳಿ ಗೆರೆ ಕೂಡ ಬೀಳದ ಹಸಿ ಕಪ್ಪು.
ಕಾಲು ನನ್ನನ್ನು ಕೇಳಲಿಲ್ಲ.

ಪೈವಳಿಕೆಯ ಪದವಿನ ಇಳಿಜಾರಿನಲ್ಲಿ ಹಿಂದೊಮ್ಮೆ
ಬ್ರೇಕಿಲ್ಲದ ಸೈಕಲು ಬಿಟ್ಟಾಗಲೂ ಹೀಗೇ.
ಕೆಂಪುಕಲ್ಲು ಕಡಿಯುವಲ್ಲಿಂದ ಅಪ್ಪ ಬೈದದ್ದು
ಅರ್ಧ ಮಾತ್ರ ಕಿವಿಗೆ ಬಿತ್ತು;
ಉಳಿದರ್ಧ ಬಂದು ಮುಟ್ಟುವಾಗ ನಾನು ಅಲ್ಲಿರಲಿಲ್ಲ.

ಅಷ್ಟೇ ಇರಬೇಕು.
ಎಂಬತ್ತರವರೆಗೆ ಎಲ್ಲರೂ ಬೆನ್ನಿಗಿರುತ್ತಾರೆ,
ಸೊಸೈಟಿಯ ಸಾಲದವನು, ಹೆಂಡತಿಯ ಮೌನ,
ದೂಮಪ್ಪನಿಗೆ ಕೊಡದ ಆ ಒಂದು ಬೀಡಿ.
ನೂರು ದಾಟಿದ ಮೇಲೆ ಒಬ್ಬೊಬ್ಬರೇ ಇಳಿದು ಹೋಗುತ್ತಾರೆ,
ಸ್ಟೇರಿಂಗಿನ ನಡುಕ ಅಂಗೈಯಲ್ಲಿ ಬೆಕ್ಕಿನ ಹಾಗೆ ಗುರುಗುಟ್ಟುತ್ತದೆ,
ದೀಪ ಬಿದ್ದಷ್ಟೇ ಲೋಕ,
ಅಷ್ಟನ್ನು ನೋಡಿಕೊಂಡರೆ ಸಾಕು.
ತಪ್ಪು ಎಂದು ಗೊತ್ತುಂಟು, ಮಾರಾಯ್ರೇ.
ತಪ್ಪಿದವರನ್ನು ರಸ್ತೆಯಿಂದ ಹೆಕ್ಕಿ ಒಯ್ಯುವವನೇ ನಾನು.

ಟೀಚರು ಪೆನ್ನು ಬಿಚ್ಚಿ ಕಾಯುತ್ತಿದ್ದರು.
‘ದಂಡ ಎಷ್ಟಂತೆ?’ ಎಂದೆ.
ಅವರು ನನ್ನನ್ನೊಮ್ಮೆ, ಫೋಟೊವನ್ನೊಮ್ಮೆ ನೋಡಿ
ಪೆನ್ನು ಮುಚ್ಚಿದರು. ಕತ್ತರಿ ತಂದು
ಫೋಟೊದ ಸುತ್ತ ನಿಧಾನಕ್ಕೆ, ಬಹಳ ನಿಧಾನಕ್ಕೆ ಕತ್ತರಿಸಿ ಕೊಟ್ಟರು.

ಗೇಟಿನವರೆಗೆ ಬಂದವರು, ಮೊಣಕಾಲು ನೀವಿಕೊಳ್ಳುತ್ತ,
‘ಒಮ್ಮೆ ನನ್ನನ್ನೂ ಕೂರಿಸ್ಕೊಳ್ಳಿ ಐತಪ್ಪಣ್ಣ,
ನಾನು ಸೌಖ್ಯ ಇರುವಾಗಲೇ.
ಎದುರಿನ ಸೀಟಲ್ಲಿ.’