ಹಳೇ ಅಳತಿ

ಅಪ್‌ಡೇಟ್ ಮಾಡಲೇನು ಅಂತ ರಾತ್ರಿ ಕೇಳಿತ್ತು.
ನಿದ್ದಿಗಣ್ಣಾಗ ಹೂಂ ಅಂದುಬಿಟ್ಟೆ.
ಮುಂಜಾನೆ ಶಟರ್ ಎತ್ತಿ ಗುಂಡಿ ಒತ್ತಿದರ
ಕರ್ನೆಲ್ ಹೊಸಾದು. ಗೋಡಿ ಚಿತ್ರ ಅದೇ, ಬಾಣ ಅದೇ,
ಒಳಗಿನ ಮಷೀನ್ ಮಾತ್ರ ಏಳವಲ್ದು.

ಒಳಗಿನ ಮಷೀನ್ ಅಂದರ ಏನು,
ದಸ್ತಗೀರ ಟೇಲರ್ ಒಮ್ಮೆ ಕೇಳಿದ್ದ.
ಈ ಉಮದಿ ಬಾಜಾರದಾಗ ಅರ್ಧ ಅಂಗಡಿ ಅವಂದು, ಅರ್ಧ ನಂದು,
ನಡುವ ಒಂದು ಪ್ಲೈವುಡ್ಡು.
ಕಂಪ್ಯೂಟರದಾಗ ಕಂಪ್ಯೂಟರ್, ಅಂದೆ.
ಮೈ ಇಲ್ಲ. ಇದರ ಉಸಿರ ಕಡ ತಗೊಂಡು ನಡೀತೈತಿ,
ಇಪ್ಪತ್ತು ವರ್ಷದ ಹಳೇ ವಿಂಡೋಸು.
ಅಸ್ತರ ಇದ್ಹಾಂಗೇನು, ಅಂದ.
ಅಲ್ಲ ಅಂದೆ. ಆಮ್ಯಾಲೆ, ಹೌದೂ ಅಂದೆ.

ಮಲಕಾರಿ ಮಾಸ್ತರರ ಫಾಂಟು ಅದರಾಗಷ್ಟ ತೆರೀತೈತಿ.
ಹೊರಗ ತಂದರ ಅರ್ಕಾವೊತ್ತು ಉದುರತಾವ:
ವರ್ಗ ಹೋಗಿ ವಗ,
ಬೆನ್ನಿಗೆ ಯಾವ ದೇಶದ್ದೋ ಒಂದು ಅಕ್ಷರ ಜೋತುಬೀಳತೈತಿ.
ಸಾಂಗ್ಲಿಯಿಂದ ಪ್ರಶ್ನೆಪತ್ರಿಕೆ ಮರಾಠಿಯೊಳಗ ಬರತಾವ;
ಮಾಸ್ತರು ಸಂಜೀಕ ಇಲ್ಲೇ ಕುಂತು
ಅಪೂರ್ಣಾಂಕಕ್ಕ ಭಿನ್ನರಾಶಿ ಅಂತಾರ,
ಲಸಾವಿ ಅಳಿಸಿ ಲಸಾಅ ಬರೀತಾರ,
ಒಂದೊಂದು ಅಕ್ಷರಕ್ಕ ಒಂದೊಂದು ಗುಂಡಿ ಹುಡುಕಿ.
ಸೋಮವಾರ ಏಳನೇ ಇಯತ್ತೆಯವರ ಗಣಿತ.
ಇವತ್ತು ಶನಿವಾರ.
ಶಾಳಿ ಶಿಪಾಯಿ ಬೀರಪ್ಪ
ಖಾಲಿ ಚೀಲ ಹಿಡಕೊಂಡು ಪಾವಟಿಗಿ ಮ್ಯಾಲ.

“ಯಾಕ ಸುಗಲಾತಾಯಿ, ಹೊಂಟಿಲ್ಲೇನು?”
ಡ್ರೈವರ್ ಇಲ್ಲಂತ.
“ಹೊಸ ಗಾಡಿ ಕೊಟ್ಟು ಡ್ರೈವರ್ ಇಲ್ಲಂದರ?”
ಪರದೆ ಮ್ಯಾಲ ಮೈನಸ್ ಸಾವಿರದ ಒಂಬೈನೂರಾ ಎಂಟು.

ಹಳೇ ಕರ್ನೆಲ್ಲಿನ ಅಳತೀಗೆ ಹೊಲದ ಮಾಡ್ಯೂಲು
ಹೊಸಾದರ ತೋಳಿಗೆ ಏರವಲ್ದು.
“ಬಿಚ್ಚಿ ಹೊಲಿ,” ಪ್ಲೈವುಡ್ಡಿನ ಆಕಡಿಂದ ದಸ್ತಗೀರ.
ಹೊಲಿಯಾಕ ಅಳತಿ ಪುಸ್ತಕ ಬೇಕಲ್ಲ.
ಅದಕ್ಕ ಹೆಡರ್ ಅಂತಾರ, ಅದು ಇಳದೇ ಇಲ್ಲ.
ಮಾಳಿಗಿ ಹತ್ತಿ ನೀರಿನ ಟಾಕಿ ಮ್ಯಾಲ ಫೋನ್ ಇಟ್ಟೆ.
ಕರ್ನಾಟಕಕ್ಕ ಸ್ವಾಗತ ಅಂತ ಮೆಸೇಜ್ ಬಂತು.
ನಾ ನಿಂತಲ್ಲೇ ನಿಂತಿದ್ದೆ.
ಅರ್ಧ ಇಳಿಯೂದ್ರಾಗ ಲೈಟ್ ಹೋತು.

ಬಂತು. ಇಳೀತು. ಹೊಲಿಗಿ ಸುರು.
ಸಾಲು ಸಾಲು ಸರದವು, ನಿಂತವು:
ಕರ್ನೆಲ್ ಹೊಲದದ್ದು ಹನ್ನೆರಡನೇ ಸೂಜೀಲೆ,
ನಿನ್ನ ಕಡೆ ಇರೂದು ಹನ್ನೊಂದನೇದು.
“ಇದು ನನಗ ತಿಳೀತೈತಿ,” ಅಂದ ದಸ್ತಗೀರ, ಖುಷೀಲೆ.
ಸೂಜಿ ತರಿಸಿದೆ. ಹೊಲದು ಮುಗೀತು. ತೊಡಸಾಕ ಹೋದರ
ಸಹಿ ಯಾರದು ಅಂತು.
ಯಾರದೂ ಇಲ್ಲ. ನಂದೇ.
ನನ್ನ ಕೀಲಿ ನಾನೇ ಕಡದು, ಸಹಿ ಹಾಕಿ,
ಮತ್ತ ಚಾಲೂ ಮಾಡಿದರ ನೀಲಿ ಪರದೆ,
ಹತ್ತು ಎಣಿಸೂತನಕ ಅಷ್ಟ ಕಾಯತೈತಿ.
ಅಷ್ಟರಾಗ ಬೀರಪ್ಪ ಚಾ ತಂದ,
ಬಶಿ ಹಿಡಿಯೂದ್ರಾಗ ಪರದೆ ಹೋತು.
ಇನ್ನೊಮ್ಮೆ. ಚಾ ಆರಲಿ.

ಮೂರೂ ಹತ್ತಕ್ಕ ಒಳಗಿನದು ಎದ್ದಿತು.
ಹಸರ ಗುಡ್ಡ, ನೀಲಿ ಮುಗಿಲು.
ಅದರ ಗಡಿಯಾರದಾಗ ಇನ್ನೂ ಮಂಗಳವಾರ, ಸಂಜಿ ಆರೂ ನಲವತ್ತು,
ಮಾಸ್ತರು ಸಂಖ ಬಸ್ಸಿಗೆ ಅಂತ ಎದ್ದು ಓಡಿದ ಹೊತ್ತು.
ಏಳನೇ ಪ್ರಶ್ನೆ ತೆರದ ಹಾಂಗೇ ಐತಿ:
ಒಂದು ತೊಟ್ಟಿಗೆ ಎರಡು ನಳ.
ಮೊದಲನೆಯದು ನಾಲ್ಕು ತಾಸಿನಲ್ಲಿ ಪೂರ್ಣ ತುಂಬುತ್ತದೆ. ಎರಡನೆಯದು

ಅಷ್ಟ. ಕಡ್ಡಿ ಮಿನಗಾಕ ಹತ್ತೈತಿ.
ಪೂರ್ಣದ ಅರ್ಕಾವೊತ್ತು ಇದ್ದಲ್ಲೇ ಐತಿ.

ಹೂಂ ಅನಬಾರದು ಅಂತ ಚೀಟಿ ಬರದು
ಪರದೆ ಅಂಚಿಗೆ ಹಚ್ಚಿದೆ.
“ಮತ್ತ ಅಂತೀ,” ಅಂದ ದಸ್ತಗೀರ, ಕಾಜಾ ಹಾಕಕೋತ.
ಬೀರಪ್ಪ ಬಗ್ಗಿ ಓದಿದ, ತುಟಿ ಅಲ್ಲಾಡಿಸಿಕೋತ.
“ಎರಡನೇದು ಏನ ಮಾಡತೈತಿ? ತುಂಬತೈತೋ, ಸೋರತೈತೋ?”
ಮಾಸ್ತರಗ ಫೋನ್ ಹಚ್ಚು, ಅಂದೆ,
ಆರಿದ ಚಾ ಬಶಿಗೆ ಸುರಕೋತ.