ಷರಾ

ಸುಂಟಿಕೊಪ್ಪದ ನಾಡಕಚೇರಿಯಲ್ಲಿ ಇದು ಮೂರನೇ ಸಲ.
ಅದೇ ಕುಂಟು ಬೆಂಚು, ಅದೇ ಗೊರಗೊರ ಫ್ಯಾನು.
ಅರ್ಜಿಯಲ್ಲಿ ಮೂರು ಚೌಕ:
ವಿವಾಹಿತೆ, ವಿಧವೆ, ವಿಚ್ಛೇದಿತೆ.
ಪೆನ್ನಿನ ತುದಿ ಹಿಡಿದುಕೊಂಡು ಒಂದರಿಂದ ಒಂದಕ್ಕೆ
ಕುಂಟಾಬಿಲ್ಲೆ ಆಡುತ್ತೇನೆ.

ಸತ್ತ ಅಂದರೆ ಸರ್ಟಿಫಿಕೇಟು ತೋರಿಸಬೇಕು.
ಬಿಟ್ಟ ಅಂದರೆ ಕೋರ್ಟಿನ ಹಾಳೆ.
ಹೋದ ಆಗಸ್ಟಿನಲ್ಲಿ
ಜೀಪಿನ ಬ್ಯಾಟರಿ ಚಾರ್ಜಿಗೆ ಹಾಕಿ ಬರ್ತೇನೆ ಅಂದವನು
ಇನ್ನೂ ಬಂದಿಲ್ಲ ಅನ್ನುವುದಕ್ಕೆ
ಯಾವ ಚೌಕ?

"ಕೊನೇಲಿ ಷರಾ ಅಂತ ಇದೆಯಲ್ಲಕ್ಕ, ಅಲ್ಲಿ ಬರೀರಿ."
ಆಪರೇಟರ್ ಹುಡುಗ ತಲೆ ಎತ್ತಲಿಲ್ಲ.
ಷರಾದ ಜಾಗ ಎರಡು ಬೆರಳಗಲ.
ಹನ್ನೊಂದು ವರ್ಷ.

ಕಾರ್ಡಿನಲ್ಲಿ ಮನೆಯ ಯಜಮಾನಿ ಅತ್ತೆ.
ಗೃಹಲಕ್ಷ್ಮಿಯ ಎರಡು ಸಾವಿರ ಅತ್ತೆಯ ಖಾತೆಗೆ.
ನನ್ನ ಪಾಲಿನ ಅಕ್ಕಿ, ಹಂಸಿಕಾಳ ಪಾಲಿನ ಅಕ್ಕಿ
ಈಗಲೂ ಚೆಟ್ಟಳ್ಳಿಯಲ್ಲಿ ತೂಗುತ್ತಾರೆ,
ನಾವಿಬ್ಬರೂ ಇನ್ನೂ ಅಲ್ಲೇ ಉಣ್ಣುತ್ತಿರುವ ಹಾಗೆ.
ಹೆಸರು ಬೇರೆ ಮಾಡಲು ಅವಳ ಹೆಬ್ಬೆಟ್ಟು ಬೇಕು,
ನನ್ನದೂ ಬೇಕು.
ನನ್ನದು ಬರುವುದಿಲ್ಲ.
ಆರು ಸೀಸನ್ನು ಕಾಫಿ ಕುಯ್ದು, ಮೆಣಸು ಉಜ್ಜಿ
ಗೆರೆ ಸವೆದಿದೆ. ಯಂತ್ರ ಕೆಂಪಾಗುತ್ತದೆ.
"ಕೈ ತೊಳ್ಕೊಂಡು ಬನ್ನಿ."
ತೊಳೆದೆ. ಕೆಂಪು.
ವೇಲಿಗೆ ಒರೆಸಿದೆ. ಕೆಂಪು.
ನಾನೇ ನಾನು ಅನ್ನುವುದಕ್ಕೆ
ನನ್ನ ಬೆರಳೇ ಸಾಕ್ಷಿ ಹೇಳುವುದಿಲ್ಲ.

ಸರ್ಕಾರಿ ಬಸ್ಸು ಹೆಂಗಸರಿಗೆ ಪುಕ್ಕಟೆ.
ನಮ್ಮ ದಾರಿಗೆ ಬರುವುದು ಖಾಸಗಿ ಬಸ್ಸು.
ಹೋಗಿ ಬರಲು ನಲವತ್ತು, ತಪ್ಪಿದ ಕೂಲಿ ನಾನೂರೈವತ್ತು.
ಸವಲತ್ತು ಕೇಳಲು ಹೋದ ಖರ್ಚು ಅಂತ
ಬೇರೆ ಗೆರೆ ಎಳೆದು ಬರೆದಿದ್ದೇನೆ.

ಬರೆಯುವುದು ಹಂಸಿಕಾಳ ಹಳೇ ನೋಟ್‌ಬುಕ್ಕಿನಲ್ಲಿ, ಹಿಂದಿನಿಂದ.
ಕೋಣೆ ಬಾಡಿಗೆ. ಗ್ಯಾಸು. ಒಣಮೀನು.
ಹಾಲು ಅರ್ಧ ಲೀಟರು, ಅದನ್ನು ಹೊಡೆದು ಹಾಕಿ, ಕಾಲು.
ಸಂಘದ ಸಾಲದ ಕಂತು ವಾರಕ್ಕೆ ಮುನ್ನೂರಿಪ್ಪತ್ತು:
ಅವನ ಜೀಪಿನ ಟಯರಿಗೆ ನನ್ನ ಹೆಸರಲ್ಲಿ ಎತ್ತಿದ್ದು.
ಟಯರು ಅವನ ಜೊತೆ ಹೋಯಿತು,
ಕಂತು ನನ್ನ ಜೊತೆ ಉಳಿಯಿತು.
ಜೂನ್, ಜುಲೈ, ಆಗಸ್ಟ್, ಕೂಲಿ ಸಿಗದ ಮೂರು ತಿಂಗಳು
ಸುತ್ತ ಗೆರೆ ಹಾಕಿ ಮುಚ್ಚಿದ್ದೇನೆ,
ಹಾವಿನ ಬುಟ್ಟಿಯ ಹಾಗೆ.

ಪಕ್ಕದಲ್ಲಿ ಕೂತು ಹಂಸಿಕಾ ಕಳೆಯುತ್ತಾಳೆ.
"ಸೊನ್ನೆಯಿಂದ ಎಂಟು ಹೋಗಲ್ಲಮ್ಮ,
ಪಕ್ಕದ ಮನೆಯಿಂದ ಸಾಲ ತರಬೇಕು."
ಪಕ್ಕದ ಮನೆಯಲ್ಲೂ ಸೊನ್ನೆ ಇದ್ದರೆ?
"ಅದರಾಚೆ ಮನೆಗೆ ಹೋಗಬೇಕು."
ಅವಳಿಗೆ ಅನುಮಾನವೇ ಇಲ್ಲ.

ಸಾಹುಕಾರರು ಹೂಮಳೆಗೆ ಆಕಾಶ ನೋಡುವ ತಿಂಗಳು.
ನಾನು ಫೋನು ನೋಡುತ್ತೇನೆ.

ನಾಲ್ಕನೇ ಸಲ ಹೋದಾಗ
ಬೆಂಚಿನ ಮೇಲೆ ಅತ್ತೆ ಕೂತಿದ್ದಳು.
ಯಾರು ಹೇಳಿದರೋ.
ಮಗನ ಮಾತು ಅವಳು ತೆಗೆಯಲಿಲ್ಲ, ನಾನು ಕೇಳಲಿಲ್ಲ.
ಹೆಬ್ಬೆಟ್ಟು ಒತ್ತಿದಳು. ಒಂದೇ ಸಲಕ್ಕೆ ಹಸಿರು.
ನನಗೆ ಕಣ್ಣಿನ ಯಂತ್ರ ತಂದರು.
"ರೆಪ್ಪೆ ಮಿಟುಕಿಸಬೇಡಿ. ನೀರು ಬಂದರೆ ತಗೊಳ್ಳಲ್ಲ,
ಒರೆಸ್ಕೊಳ್ಳಿ."
ಬೆಳಕು ಜೋರಿತ್ತು, ಅಷ್ಟೆ.

ಹೊರಗೆ, ಬೇಕರಿಯ ಎದುರು,
ಮಾತ್ರೆ ಚೀಟಿಯ ಒಳಗಿಂದ ಐನೂರರ ಎರಡು ನೋಟು.
"ಹೋದ ತಿಂಗಳದ್ದರಲ್ಲಿ ಅರ್ಧ.
ಉಳಿದದ್ದು ಬಿಪಿಗೆ, ಬಸ್ಸಿಗೆ ಆಯ್ತು."
ಎಣಿಸಿಕೊ ಅಂದಳು. ಎಣಿಸಿದೆ.

ರಾತ್ರಿ ಜಮೆಯ ಕಡೆ ಒಂದು ಸಾವಿರ ಬರೆದು
ಯಾವ ಯೋಜನೆ ಅನ್ನುವಲ್ಲಿ ಪೆನ್ನು ನಿಂತಿತು.
ಪಕ್ಕಕ್ಕೊಂದು ಗೆರೆ ಎಳೆದು
ಮೇಲೆ ಷರಾ ಎಂದು ಬರೆದೆ,
ಕೆಳಗೆ ಖಾಲಿ ಬಿಟ್ಟೆ.

ಹೊಸ ಕಾರ್ಡಿಗೆ ಇನ್ನೂ ಮೂವತ್ತು ದಿನ ಅಂದಿದ್ದಾರೆ.
ಡಬ್ಬಿಯ ಅಕ್ಕಿ ಹದಿನೆಂಟು ದಿನಕ್ಕೆ.
ಮಗಳು ಮಲಗಿದ್ದಾಳೆ.
ಇಷ್ಟು ಕಳೆಯಲು
ಅವಳನ್ನು ಎಬ್ಬಿಸಬೇಕಿಲ್ಲ.